ಅವತ್ತು ನೀವಿರಬೇಕಿತ್ತು, ಮೇಷ್ಟ್ರೇ!

ನಮ್ಮ ಶಿಡ್ಲಘಟ್ಟದ ಕಡೆ ಗಂಡಸೊಬ್ಬ ಮೈತುಂಬ ಕಪ್ಪು ಬಟ್ಟೆ ಹಾಕಿ, ಗಡ್ಡ ಬಿಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತನೆಂದರೆ ಜನ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ: ಮಾಲೆ ಹಾಕಿದ್ದಾನೆ, ಶಬರಿಮಲೆಗೆ ಹೊರಟಿದ್ದಾನೆ. ನನ್ನ ಹಳೆಯ ಶಿಷ್ಯನೊಬ್ಬ ವರ್ಷದ ಹನ್ನೆರಡು ತಿಂಗಳೂ ಇದೇ ವೇಷದಲ್ಲಿರುತ್ತಾನೆ. ಒಮ್ಮೆ ಮೇ ತಿಂಗಳ ಉರಿಬಿಸಿಲಲ್ಲಿ ಹೂವಿನ ಅಜ್ಜಿಯೊಬ್ಬಳು ಅವನನ್ನು ಕಂಡು ಕೈಮುಗಿದು, 'ಸ್ವಾಮಿ ಶರಣಂ' ಎಂದು ಎರಡು ಬಾಳೆಹಣ್ಣು ಕೊಟ್ಟಳು. ಅಜ್ಜಿಗೆ ಕಣ್ಣು ಮಂಜು. ಅವನ ಎದೆಯ ಮೇಲೆ ಹಲ್ಲು ಕಿರಿಯುತ್ತಿದ್ದ ತಲೆಬುರುಡೆ ಅವಳಿಗೆ ಕಾಣಲಿಲ್ಲ. ಇವನು ಹಣ್ಣನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತಿಂದ. ಟೀ ಅಂಗಡಿಯವರು ಅವನಿಗೆ ಇಟ್ಟ ಹೆಸರು ಮೆಟಲಣ್ಣ. ಹೊಸಬರು ಕೇಳಿದರೆ ಪಾತ್ರೆ ಅಂಗಡಿ ಇಟ್ಟಿರಬೇಕು ಅಂದುಕೊಳ್ಳುತ್ತಾರೆ.

ಇವನು ಎಂಟನೇ ಕ್ಲಾಸಿನಲ್ಲಿ ನನ್ನ ಕೈಗೆ ಸಿಕ್ಕವನು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕು ಎಂದರೆ ಬೋರ್ಡಿನ ಮುಂದೆ ಕಂಬದ ಹಾಗೆ ನಿಲ್ಲುತ್ತಿದ್ದ. ಲಘು ಯಾವುದು, ಗುರು ಯಾವುದು, ಗುರುಗಳು ಯಾರು ಎಂಬುದೇ ಮರೆತುಹೋಗುತ್ತಿತ್ತು. ಅದೇ ಹುಡುಗ ಈಗ ಯಾವ ಆಲ್ಬಮ್ಮಿನ ಎಷ್ಟನೆಯ ಹಾಡು ಎಷ್ಟು ನಿಮಿಷ, ಅದರಲ್ಲಿ ಡ್ರಮ್ಮಿನವನು ಎಲ್ಲಿ ಎಡವಿದ ಎಂದೆಲ್ಲ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾನೆ. ಥ್ರ್ಯಾಷ್, ಡೆತ್, ಬ್ಲ್ಯಾಕ್, ಡೂಮ್ ಎಂದು ಅವನ ಮೆಟಲ್ ಸಂಗೀತಕ್ಕೂ ಒಳಪಂಗಡಗಳಿವೆ. ಯಾವ ಬ್ಯಾಂಡು ಯಾವ ಪಂಗಡ ಎಂದು ಅವನು ಕೆದಕುವುದನ್ನು ನೋಡಿದರೆ, ನಮ್ಮಲ್ಲಿ ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುವುದಿಲ್ಲ ಅನ್ನಿಸುತ್ತದೆ. ತಪ್ಪು ತಿದ್ದುವ ಚಟವಂತೂ ಹೇಳತೀರದು. 'ಆ ರಾಕ್ ಸಂಗೀತ' ಎಂದು ನೀವು ಬಾಯಿ ತೆಗೆದರೆ ಸಾಕು, 'ರಾಕ್ ಅಲ್ಲ ಮೇಷ್ಟ್ರೇ, ಮೆಟಲ್ಲು' ಎನ್ನುತ್ತಾನೆ. ನಾನು ಜೀವಮಾನವಿಡೀ ಅವನ ಕಾಗುಣಿತ ತಿದ್ದಿದ್ದಕ್ಕೆ ಬಡ್ಡಿ ಸಮೇತ ವಸೂಲಿ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ, 2011ರ ಅಕ್ಟೋಬರ್ 30.

ಅಂದು ಭಾನುವಾರ. ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬ್ಯಾಂಡು ಬಂದಿತ್ತು. ಎರಡು ದಿನ ಮುಂಚೆ ಗುರುಗಾಂವಿನಲ್ಲಿ ಅವರದೇ ಕಾರ್ಯಕ್ರಮ ರದ್ದಾಗಿ, ಕಾದು ಕೆರಳಿದ ಜನ ವೇದಿಕೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಮುರಿದಿದ್ದರು. ಇಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ನಮ್ಮವನು ಶಿಡ್ಲಘಟ್ಟದಿಂದ ಬಸ್ ಹತ್ತಿ, ವಿಜಯಪುರ, ದೇವನಹಳ್ಳಿ ದಾಟಿ ಮೇಖ್ರಿ ಸರ್ಕಲ್ಲಿನಲ್ಲಿ ಇಳಿದ. ಮುಂದಿನ ಕಥೆಯನ್ನು ನಾನು ಕಡಿಮೆಯೆಂದರೂ ಐವತ್ತು ಸಲ ಕೇಳಿದ್ದೇನೆ. ಮೊದಲ ವರ್ಷ ಅದರಲ್ಲಿ ತುಂತುರು ಹನಿಯುತ್ತಿತ್ತು. ಅವನ ಮದುವೆ ಹೊತ್ತಿಗೆ ಅದು ಜಡಿಮಳೆಯಾಯಿತು. ಮಗ ಹುಟ್ಟಿದ ಮೇಲೆ ಕುಂಭದ್ರೋಣ. ಕೆಸರು ಮೊದಲು ಪಾದ ಮುಳುಗಿಸುತ್ತಿತ್ತು, ಈಗ ಮೊಣಕಾಲಿಗೆ ಬಂದಿದೆ. ನಾನು ಇನ್ನೂ ಹತ್ತು ವರ್ಷ ಬದುಕಿದ್ದರೆ ಅವನು ಆ ಮೈದಾನವನ್ನು ಈಜಿ ದಾಟಿರುತ್ತಾನೆ. ಕಥೆಯ ಕೊನೆಗೆ ಮಾತ್ರ ಯಾವಾಗಲೂ ಒಂದೇ ವಾಕ್ಯ: "ಅವತ್ತು ನೀವಿರಬೇಕಿತ್ತು, ಮೇಷ್ಟ್ರೇ!"

ನನ್ನ ಮಗಳ ಆರತಕ್ಷತೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಹಿತಕಬೇಳೆ ಸಾರು ಬಡಿಸುತ್ತಿದ್ದವನ ಸೌಟು ಹಿಡಿದು ನಿಲ್ಲಿಸಿ ಇದನ್ನು ಹೇಳಿದ್ದಾನೆ. ನನ್ನ ತಂಗಿಯ ಗಂಡ ತೀರಿಕೊಂಡಾಗ ಸಾಂತ್ವನ ಹೇಳಲು ಬಂದವನು, 'ಹೋಗೋರು ಹೋಗ್ತಾರೆ ಮೇಷ್ಟ್ರೇ, ನೆನಪು ಉಳೀತದೆ. ಈಗ ನೋಡಿ, 2011ರಲ್ಲಿ...' ಎಂದು ಶುರು ಮಾಡಿದ್ದ.

ಇವನಿಗೊಬ್ಬ ಎದುರಾಳಿಯಿದ್ದಾನೆ. ಗೌರಿಬಿದನೂರಿನವನು, ದಪ್ಪ ಕನ್ನಡಕ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅತ್ತೆಮನೆ ನಮ್ಮೂರಲ್ಲಿ, ಹಾಗಾಗಿ ರಜೆ ಬಂತೆಂದರೆ ಹಾಜರು. ಅವನು ಐರನ್ ಮೇಡನ್ ಪಕ್ಷ. ಆ ಬ್ಯಾಂಡು ಅದೇ ಅರಮನೆ ಮೈದಾನಕ್ಕೆ ಬಂದದ್ದು 2007ರ ಮಾರ್ಚ್ 17ಕ್ಕೆ. ತಾನು ಅಲ್ಲಿಗೆ ಹೋಗಿದ್ದರಿಂದ ನಾಲ್ಕು ವರ್ಷದ ಸೀನಿಯಾರಿಟಿ ತನ್ನದೆಂದು ಅವನ ವಾದ. ಸರ್ಕಾರಿ ನೌಕರರ ಜ್ಯೇಷ್ಠತಾ ಪಟ್ಟಿಗೂ ಇಷ್ಟು ಜಗಳ ನಡೆದದ್ದನ್ನು ನಾನು ನೋಡಿಲ್ಲ.

ಇವರಿಬ್ಬರ ಮಹಾಯುದ್ಧ ನಡೆದದ್ದು 2023ರ ಏಪ್ರಿಲ್ 14ರಂದು. ಅಂಬೇಡ್ಕರ್ ಜಯಂತಿಯ ರಜೆ. ಅದೇ ದಿನ ಮೆಟಾಲಿಕಾದ '72 ಸೀಸನ್ಸ್' ಆಲ್ಬಮ್ ಬಿಡುಗಡೆಯಾಗಿತ್ತು: ಹನ್ನೆರಡು ಹಾಡು, ಎಪ್ಪತ್ತೇಳು ನಿಮಿಷ. ನಾನು ಬೆಳಗಿನ ಟೀಗೆ ಹೋದಾಗ ಇಬ್ಬರೂ ಕೆಂಗಣ್ಣು ಬಿಟ್ಟುಕೊಂಡು ಕೂತಿದ್ದರು.

"ಹೆಸರಿನ ಅರ್ಥ ಗೊತ್ತಾ ಮೇಷ್ಟ್ರೇ?" ಎಂದು ಮೆಟಲಣ್ಣ ಶುರು ಮಾಡಿದ. "ಮನುಷ್ಯನ ಮೊದಲನೇ ಹದಿನೆಂಟು ವರ್ಷ. ವರ್ಷಕ್ಕೆ ನಾಲ್ಕು ಋತು, ಹದಿನೆಂಟ್ ನಾಲ್ಕ್ಲ ಎಪ್ಪತ್ತೆರಡು. ಅಷ್ಟರಲ್ಲಿ ನಾವು ಏನಾಗ್ಬೇಕೋ ಅದಾಗ್ಬಿಟ್ಟಿರ್ತೀವಿ."

"ಅದು ಅವರ ಲೆಕ್ಕ ಕಣಯ್ಯ. ನಮ್ಮಲ್ಲಿ ಋತು ಆರು. ಹನ್ನೆರಡು ವರ್ಷಕ್ಕೇ ಮುಗಿದುಹೋಯ್ತು."

ಅವನು ಬೆರಳೆಣಿಸಿ, "ಸರಿಯಾಗೇ ಐತೆ ಬಿಡಿ ಮೇಷ್ಟ್ರೇ. ಅದಾದ್ ಮೇಲೇನೇ ನಾನು ನಿಮ್ ಕೈಗೆ ಸಿಕ್ಕಿದ್ದು" ಎಂದ. ಅದು ಹೊಗಳಿಕೆಯೋ ತೆಗಳಿಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಕನ್ನಡಕದವನು ಆಲ್ಬಮ್ಮನ್ನು ಒಂದೇ ಏಟಿಗೆ ತಳ್ಳಿಹಾಕಿದ: ಉದ್ದ ಜಾಸ್ತಿ, ಕತ್ತರಿ ಹಾಕುವವರಿಲ್ಲ, 1980ರ ದಶಕದ ನಂತರ ಇವರು ಮಾಡಿದ್ದೆಲ್ಲ ಬೂಸಾ. ಮೆಟಲಣ್ಣ ಸಿಡಿದ. ಅಲ್ಲಿಂದ ಪುರಾಣ ಬಿಚ್ಚಿಕೊಂಡಿತು. 1988ರ ಆಲ್ಬಮ್ಮಿನಲ್ಲಿ ಬೇಸ್ ಗಿಟಾರು ಕಿವಿಗೇ ಬೀಳುವುದಿಲ್ಲವೆಂಬ ಹಳೆಯ ದೂರು, 2003ರದ್ದರಲ್ಲಿ ಡ್ರಮ್ಮು ಸೀಮೆಎಣ್ಣೆ ಡಬ್ಬ ಬಡಿದಂತಿದೆಯೆಂಬ ಗೋಳು, ಎಲ್ಲ ಬಂದವು. ಕೊನೆಗೆ ಕನ್ನಡಕದವನು ಬ್ರಹ್ಮಾಸ್ತ್ರ ತೆಗೆದ: "ಬೆಂಗಳೂರಲ್ಲಿ ಕುಣಿದು ಮನೆಗೆ ಹೋದ್ರಲ್ಲ, ಮಾರನೇ ದಿನವೇ ಯೂರೋಪಲ್ಲಿ ಅವರದು 'ಲುಲು' ಬಂತು. ಅದನ್ನೂ ಸಮರ್ಥನೆ ಮಾಡ್ತೀಯೇನಣ್ಣ?" ಲೂ ರೀಡ್ ಜೊತೆ ಸೇರಿ ಮಾಡಿದ ಆ ಆಲ್ಬಮ್ಮಿನ ಹೆಸರೆತ್ತಿದರೆ ಮೆಟಾಲಿಕಾ ಭಕ್ತರು ಓಡಿಹೋದ ಅಣ್ಣನ ಸುದ್ದಿ ಕೇಳಿದವರಂತೆ ತಲೆ ತಗ್ಗಿಸುತ್ತಾರೆ. ಇವನೂ ತಗ್ಗಿಸಿದ. ಆದರೆ ತಗ್ಗಿಸಿದವನು ಹಾಗೇ ನುಗ್ಗಿದ: "ಆಲ್ಬಮ್ ಬಿಡಣ್ಣ, ಲೈವ್ ನೋಡ್ಬೇಕು. ಮೆಟಲ್ ಇರೋದೇ ಲೈವಲ್ಲಿ. ಅವತ್ತು ಮಳೇಲಿ..."

"ಆಲ್ಬಮ್ಮು ಗರ್ಭಗುಡಿಯ ಮೂಲಮೂರ್ತಿ ಇದ್ದ ಹಾಗೆ," ಎಂದ ಕನ್ನಡಕದವನು. "ಲೈವ್ ಅನ್ನೋದು ಬರೀ ಉತ್ಸವಮೂರ್ತಿ."

"ಹಂಗಾದ್ರೆ ಶಿವರಾತ್ರಿಗೆ ನಂದಿಗೆ ಯಾಕಣ್ಣ ಹೋಗ್ತೀಯ? ಭೋಗನಂದೀಶ್ವರ ಗುಡೀಲೇ ಇರ್ತಾನಲ್ಲ, ಮಾರನೇ ವಾರ ಹೋಗು. ತೇರು ಎಳೆಯೋವಾಗ್ಲೇ ಯಾಕೆ ನುಗ್ತೀಯ?"

ನಾನು ತಡೆಯಲಾರದೆ, "ಭೇಷ್!" ಎಂದುಬಿಟ್ಟೆ. ಅವನಿಗೆ ಎಂಟನೇ ಕ್ಲಾಸಿನಲ್ಲಿ ನಾನು ಕೊಡದೆ ಉಳಿಸಿಕೊಂಡಿದ್ದ ಅಂಕಗಳನ್ನೆಲ್ಲ ಅವತ್ತು ಮನಸ್ಸಿನಲ್ಲೇ ಕೊಟ್ಟೆ.

ಅಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಜಯಂತಿಯ ಮೆರವಣಿಗೆಗೆ ಬಂದ ತಮಟೆಯವರು ಒಂದಿಷ್ಟು ಹುಲ್ಲು ಗುಡ್ಡೆಹಾಕಿ ಬೆಂಕಿ ಹಚ್ಚಿದರು. ತಮಟೆಗಳನ್ನು ಉರಿಗೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಕಾಯಿಸಿದರು. ಚರ್ಮ ಬಿಗಿದು ಸದ್ದು ಗಟ್ಟಿಯಾಯಿತು. ಆಮೇಲೆ ಎಂಟು ಜನ ಒಟ್ಟಿಗೆ ಹೊಡೆದರು ನೋಡಿ, ಟೀ ಲೋಟಗಳು ಮೇಜಿನ ಮೇಲೆ ನಡುಗಿದವು. ಇಬ್ಬರು ವಾದಿಗಳೂ ಬಾಯಿ ಮುಚ್ಚಿ ಎದ್ದು ನಿಂತರು. ಮೆಟಲಣ್ಣನ ತಲೆ ತಾನಾಗಿಯೇ ಮೇಲಕ್ಕೂ ಕೆಳಕ್ಕೂ ಹಾರತೊಡಗಿತು. ಕನ್ನಡಕದವನು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ, ಅವನ ತಲೆಯೂ ಹಾರಿತು. ಆ ವರ್ಷ ಜನವರಿಯಲ್ಲಷ್ಟೇ ನಮ್ಮ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಘೋಷಣೆಯಾಗಿತ್ತು. "ಇದಕ್ಕೆ ಆಂಪ್ಲಿಫೈಯರೂ ಬೇಡ, ಕರೆಂಟೂ ಬೇಡ ಮೇಷ್ಟ್ರೇ," ಎಂದು ಮೆಟಲಣ್ಣ ನನ್ನ ಕಿವಿಯಲ್ಲಿ ಕಿರುಚಿದ. "ಮೂರು ನಾಲ್ಕು, ಮೂರು ನಾಲ್ಕು ಬರ್ತಾ ಐತೆ, ಎಣಿಸಿ ನೋಡಿ!" ಎಣಿಸಿದೆ. ಬರುತ್ತಿತ್ತು. ಭಾಮಿನಿಯ ನಡೆಯೂ ಅದೇ, ಮೂರು ನಾಲ್ಕು. ಇಪ್ಪತ್ತು ವರ್ಷ ತಡವಾಗಿ ಹುಡುಗ ಪಾಸಾದ.

ನಗುವುದಕ್ಕೆ ನನಗೇನು ಹಕ್ಕಿದೆ ಹೇಳಿ. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರಲ್ಲ, ಅದಕ್ಕಿಂತ ಪಿ.ಬಿ. ಶ್ರೀನಿವಾಸರ ಕಂಠವೇ ಅಣ್ಣಾವ್ರಿಗೆ ಒಪ್ಪುತ್ತಿತ್ತು ಎಂದು ವಾದಿಸಿ ನಾನು ನನ್ನ ಖಾಸಾ ಭಾವಮೈದನ ಜೊತೆ ಮೂರು ವರ್ಷ ಮಾತು ಬಿಟ್ಟವನು. ಐರನ್ ಮೇಡನ್‌ನಲ್ಲಿ 1981ರಲ್ಲಿ ಹಳೇ ಗಾಯಕ ಪಾಲ್ ಡಿಯಾನೊ ಹೋಗಿ ಬ್ರೂಸ್ ಡಿಕಿನ್ಸನ್ ಬಂದ ಜಗಳ ಇವರಲ್ಲಿ ಇನ್ನೂ ಮುಗಿದಿಲ್ಲವೆಂದು ತಿಳಿದಾಗ, ಇವರೂ ನಮ್ಮವರೇ ಅನ್ನಿಸಿತು.

ಮೆಟಲಣ್ಣನ ಕನಸು ಜರ್ಮನಿಯ ವಾಕೆನ್. ಎರಡು ಸಾವಿರ ಚಿಲ್ಲರೆ ಜನರ ಹಳ್ಳಿಯಂತೆ, 1990ರಿಂದ ಅಲ್ಲಿ ವರ್ಷಕ್ಕೊಮ್ಮೆ ಮೆಟಲ್ ಜಾತ್ರೆ. 1998ರಲ್ಲಿ ಹುಟ್ಟಿದ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡಿನವರು 2013ರಲ್ಲಿ ಅಲ್ಲಿ ನುಡಿಸಿದರು ಎಂಬುದನ್ನು, ತನ್ನ ಹಿರಿಯ ಮಗನೇ ಐಎಎಸ್ ಪಾಸಾದವನಂತೆ ಎಲ್ಲರಿಗೂ ಹೇಳುತ್ತಾನೆ. 2023ರಲ್ಲಿ ಮಳೆ ಹೊಡೆದು, ಹೊಲವೆಲ್ಲ ಕೆಸರಾಗಿ, ಬರುವವರನ್ನು ಅರ್ಧದಲ್ಲೇ ತಡೆಯಬೇಕಾಯಿತಂತೆ. ಆ ಚಿತ್ರ ತೋರಿಸಿ, "ನೋಡಿ, ನಮ್ ಹಿಪ್ಪುನೇರಳೆ ತೋಟ ಇದ್ದಂಗೇ ಐತೆ" ಎಂದ. ಕೆಸರೆಂದರೆ ಅವನಿಗೆ ಎಲ್ಲಿಲ್ಲದ ಪ್ರೀತಿ.

ಇಷ್ಟು ಗದ್ದಲದ ಮನುಷ್ಯನ ಹೊಟ್ಟೆಪಾಡು ಮಾತ್ರ ಸದ್ದೇ ಇಲ್ಲದ್ದು. ರೇಷ್ಮೆ ಬೆಳೆಯುತ್ತಾನೆ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಸೊಪ್ಪು ಹಾಕುವಾಗ ಒಮ್ಮೆ ಅವನ ಹುಳದ ಮನೆಗೆ ಹೋಗಿದ್ದೆ. ಫೋನು ಹೊರಗೆ, ಚಪ್ಪಲಿ ಹೊರಗೆ, ಮಾತು ಪಿಸುಮಾತು. ಸದ್ದಾದರೆ ಹುಳು ಸೊಪ್ಪು ಬಿಡುತ್ತವೆಂದು ಅವನ ತಾಯಿಯ ನಂಬಿಕೆ. ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. "ಲೈವ್ ಅಂದ್ರೆ ಇದು," ಎಂದು ಅವನು ಪಿಸುಗುಟ್ಟಿದ. ಅದು ಅವನ ಮಳೆಯ ನಿಜವಾದ ಅಳತೆ ಅಂದುಕೊಂಡೆ.

ಆ ತಾಯಿ ಮೂವತ್ತು ವರ್ಷ ಫಿಲೇಚರ್‌ನಲ್ಲಿ ದುಡಿದವಳು. ಕುದಿವ ನೀರಲ್ಲಿ ಗೂಡು ಬೇಯಿಸಿ ಎಳೆ ಹಿಡಿದು ಹಿಡಿದು ಅವಳ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿ ಹೋಗಿವೆ, ಗೆರೆಗಳೇ ಅಳಿಸಿವೆ. ಆಧಾರ್ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಹತ್ತುವುದಿಲ್ಲ. 2025ರ ಜುಲೈ 22ರಂದು ಬ್ಲ್ಯಾಕ್ ಸಬ್ಬತ್‌ನ ಆಜಿ ಆಸ್ಬರ್ನ್ ತೀರಿಕೊಂಡ ಮರುದಿನ ನಾನು ಮೆಟಲಣ್ಣನ ಮನೆಗೆ ಹೋದೆ. ಹದಿನೇಳು ದಿನ ಮುಂಚೆಯಷ್ಟೇ ಆ ಮನುಷ್ಯ ಹುಟ್ಟೂರು ಬರ್ಮಿಂಗ್‌ಹ್ಯಾಮಿನಲ್ಲಿ, ನಿಲ್ಲಲಾಗದೆ ಸಿಂಹಾಸನದಲ್ಲಿ ಕೂತು ಕೊನೆಯ ಸಲ ಹಾಡಿದ್ದ. ಮೆಟಲಣ್ಣ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಯಾಕೋ ಮಂಕಾಗಿದ್ದೀಯ ಎಂದು ತಾಯಿ ಕೇಳಿದ್ದಕ್ಕೆ ಆ ಬ್ಯಾಂಡಿನ ಕಥೆ ಶುರು ಮಾಡಿದ. ಅವರ ಗಿಟಾರಿನವನು ಟೋನಿ ಅಯೋಮಿ, ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ ಯಂತ್ರಕ್ಕೆ ಎರಡು ಬೆರಳ ತುದಿ ಕೊಟ್ಟುಕೊಂಡ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ನೋವಾಗದಿರಲೆಂದು ಮುಂದೆ ತಂತಿ ಸಡಿಲ ಮಾಡಿ ನುಡಿಸತೊಡಗಿದ. 1970ರಿಂದ ಲೋಕ ಕೇಳಿದ ಆ ಭಾರದ ಸದ್ದಿನಲ್ಲಿ ಆ ಗಾಯದ ಪಾಲೂ ಇದೆ.

ತಾಯಿ ತನ್ನ ಬೆರಳುಗಳನ್ನು ಸೆರಗಲ್ಲಿ ಒರೆಸಿಕೊಳ್ಳುತ್ತ, "ಪಾಪ, ಆ ಹುಡ್ಗನ ತಾಯಿ ಎಷ್ಟು ಅತ್ತಳೋ" ಎಂದಳು. ಅವನು ತಿದ್ದಲಿಲ್ಲ.

ಇಲ್ಲೊಂದು ನೀತಿ ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ. ಮೇಷ್ಟ್ರ ಚಟ. ಹೇಳುವುದಿಲ್ಲ. ಬದಲಿಗೆ ನನ್ನ ತಪ್ಪೊಪ್ಪಿಗೆಯನ್ನೇ ಹೇಳಿಬಿಡುತ್ತೇನೆ.

ಆಮೇಲೆ ಒಂದು ಸಂಜೆ ಟೀ ಅಂಗಡಿಗೆ ಚಿಂತಾಮಣಿಯ ಇಂಜಿನಿಯರಿಂಗ್ ಹುಡುಗನೊಬ್ಬ ಬಂದ. ಎದೆಯ ಮೇಲೆ ಮೆಟಾಲಿಕಾ, ಟೀ ಶರ್ಟಿನ ಮಡಿಕೆ ಇನ್ನೂ ಮುರಿದಿರಲಿಲ್ಲ. ನಾನು ಸುಮ್ಮನಿರಲಾರದೆ, ಇವರು 2011ರಲ್ಲಿ ಬೆಂಗಳೂರಿಗೆ ಬಂದಿದ್ದರು, ಎಂಥ ಮಳೆ, ಎಂಥ ಕೆಸರು ಎಂದು ಶುರು ಮಾಡಿದೆ. ಹುಡುಗ ಕಣ್ಣರಳಿಸಿ, "ಸಾರ್, ನೀವು ಹೋಗಿದ್ರಾ?" ಎಂದ. ನಿವೃತ್ತನಾದ ಮೇಲೆ ಯಾರೂ ನನ್ನನ್ನು ಹಾಗೆ ಕಣ್ಣರಳಿಸಿ ನೋಡಿರಲಿಲ್ಲ. "ಹ್ಞೂಂ" ಎಂದುಬಿಟ್ಟೆ. ಹೇಳಿ ತಿರುಗಿದರೆ ಹಿಂದೆ ಮೆಟಲಣ್ಣ ಲೋಟ ಹಿಡಿದು ನಿಂತಿದ್ದ. ರಾಕ್ ಅಂದರೆ ಮೆಟಲ್ ಎಂದು ತಿದ್ದುವವನು, ಹಾಡಿನ ನಿಮಿಷ ತಪ್ಪಿದರೆ ಊಟ ಬಿಡುವವನು. ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು.

ಅವನು ನಿಧಾನವಾಗಿ ಟೀ ಮುಗಿಸಿದ. "ಮೇಷ್ಟ್ರು ನನ್ ಪಕ್ಕದಲ್ಲೇ ಇದ್ರು," ಎಂದ. "ಅವರದೊಂದು ಚಪ್ಪಲಿ ಆ ಕೆಸರಲ್ಲೇ ಹೋಯ್ತು."

ಈಗ ನಾನು ಆ ಕಥೆ ಹೇಳುವಾಗ ಎರಡೂ ಚಪ್ಪಲಿ ಹೋಗಿರುತ್ತವೆ.