ತುಂಗಭದ್ರಾ ಕೆಳದಂಡೆಯ ಆಪದ್ಭಕ್ತಿ: ಒಂದು ಕ್ಯುಸೆಕ್ ಮೀಮಾಂಸೆ

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಲೋಕೋಕ್ತಿಗೆ ತರ್ಕಶಾಸ್ತ್ರ ಹೇಳುವ ಅವ್ಯಾಪ್ತಿ ದೋಷವಿದೆ. ಪಕ್ಕದ ಊರಿನ ಹೆಸರೇ ವೆಂಕಟಾಪುರವಾದರೂ, ಬುಕ್ಕಸಾಗರದ ಬಾಳೆತೋಟಕ್ಕೆ ಹೊಳೆ ನುಗ್ಗುವಾಗ ಕೂಗು ತಿರುಪತಿಗೆ ಹೋಗುವುದಿಲ್ಲ, ಹುಲಿಗೆಮ್ಮನಿಗೆ ಹೋಗುತ್ತದೆ. ಆಕೆ ನೆಲೆಸಿರುವುದು ಡ್ಯಾಮಿನ ಮಗ್ಗುಲಲ್ಲಿ. ಅರ್ಜಿಯನ್ನು ಸಂಬಂಧಪಟ್ಟ ಇಲಾಖೆಗೇ ಕೊಡಬೇಕೆಂಬುದು ತಾಲ್ಲೂಕು ಕಚೇರಿ ಅಲೆದವರಿಗೆಲ್ಲ ಗೊತ್ತು. ಹಂಪಿಯ ವಿರೂಪಾಕ್ಷನಿಗೆ ಅದರದೊಂದು ಜೆರಾಕ್ಸು.

ಇನ್ನು ಪ್ರಮೇಯ. ಕೆಳದಂಡೆಯವನ ಭಕ್ತಿ ಡ್ಯಾಮಿನ ಹೊರಹರಿವಿಗೆ ನೇರ ಅನುಪಾತದಲ್ಲಿರುತ್ತದೆ. ಅದನ್ನು ಅಳೆಯುವ ಮಾನ ತೆಂಗಿನಕಾಯಿ. ಹೊಳೆ ಸುಮ್ಮನೆ ಕೆಂಪಾದರೆ ಕೈಮುಗಿದರೆ ಸಾಕು. ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತೆಂದು ಸುದ್ದಿ ಬಂದರೆ ಐದು ಕಾಯಿ. ಕಂಪ್ಲಿ ಸೇತುವೆ ಮೇಲೆ ನೀರು ಹತ್ತಿ ಪೊಲೀಸರು ಬ್ಯಾರಿಕೇಡ್ ಅಡ್ಡ ಇಟ್ಟರೆ ನೂರೊಂದು. ಇಳಿಯುವಾಗ ಮಾತ್ರ ನೀರಿಗಿಂತ ಕಾಯಿಯೇ ಮುಂದು. ಕೆಸರಲ್ಲಿ ಹೂತ ಮೋಟಾರನ್ನು ನಾಲ್ಕು ಜನ ಹಗ್ಗ ಹಾಕಿ ಎಳೆದು, ಬಿಸಿಲಿಗಿಟ್ಟು, ರಿವೈಂಡ್ ಮಾಡಿಸಿ, ಅದು ಗುರ್ರೆಂದ ಗಳಿಗೆಗೆ ನೂರೊಂದು ಐದಾಗಿರುತ್ತದೆ. ದಸರೆಗೆ ಒಂದು. ಅದರಲ್ಲೂ ಒಂದು ಹೋಳು ಮನೆಯ ಚಟ್ನಿಗೆ.

ಈ ಪ್ರಮೇಯಕ್ಕೆ 2024ರ ಆಗಸ್ಟ್ 10ರ ರಾತ್ರಿ ಪೆಟ್ಟು ಬಿತ್ತು. ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಿತ್ತು, ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಬದಲಿ ಗೇಟು ಕೂರಿಸಲು ನೀರು ಇಳಿಯಬೇಕು, ಅದಕ್ಕೆ ಮಲೆನಾಡಿನಲ್ಲಿ ಮಳೆ ನಿಲ್ಲಬೇಕು. ಕೂರಿಸಿದ ಮೇಲೆ ಡ್ಯಾಮು ತುಂಬಬೇಕು, ಅದಕ್ಕೆ ಅದೇ ಮಳೆ ಬರಬೇಕು. ಒಂದೇ ದೇವಿಗೆ, ಒಂದೇ ಬಾಯಿಂದ, ಎರಡು ಬೇಡಿಕೆ! ಈ ವಾಕ್ಯವಿರೋಧಕ್ಕೆ ಮೀಮಾಂಸಕರು ಬೆವರುತ್ತಿದ್ದರೇನೋ. ನಮ್ಮ ರೈತ ಬೆವರಲಿಲ್ಲ: ‘ಒಂದ್ವಾರ ತಡಿಯವ್ವಾ, ಆಮ್ಯಾಲೆ ಎಷ್ಟರ ಸುರಿ.’ ಕಾಲಭೇದದಿಂದ ವಿರೋಧ ಪರಿಹಾರ. ಸೂತ್ರ, ಭಾಷ್ಯ ಎರಡೂ ಅದರಲ್ಲೇ ಬಂತು.

ಡ್ಯಾಮ್ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟನ್ನು ತುಂಡುತುಂಡಾಗಿ ಇಳಿಸಿದರು. 16ರ ರಾತ್ರಿ ಮೊದಲ ತುಂಡು ಕೂತಿತು. ಆಮೇಲೆ ಮಳೆಯೂ ಬಂತು. ಸೆಪ್ಟೆಂಬರ್ 22ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತುಂಬಿದ ಡ್ಯಾಮಿಗೆ ಬಾಗಿನ ಅರ್ಪಿಸಿದರು. ಇದು ಹರಕೆಯ ಫಲವೋ ಕ್ರೇನಿನ ಫಲವೋ ಎಂದು ಹೋಟೆಲು ಕಟ್ಟೆಗಳಲ್ಲಿ ಎರಡು ಪಂಥ ಹುಟ್ಟಿದರೆ ತಪ್ಪಲ್ಲ. ಆದರೆ ಕ್ರೇನಿಗಿಂತ ಮೊದಲು ಪೂಜೆಯೂ ಆಗಿದ್ದರಿಂದ ಪ್ರಯೋಗ ಕುಲಗೆಟ್ಟಿದೆ. ಪೂಜೆ ಮಾಡದೆ ಇನ್ನೊಮ್ಮೆ ಗೇಟು ಕಿತ್ತು ನೋಡೋಣವೆಂದು ಸೂಚಿಸುವಷ್ಟು ಶಾಸ್ತ್ರನಿಷ್ಠೆ ಈ ಲೇಖಕನಿಗಿಲ್ಲ.

ಪೂರ್ವಪಕ್ಷ ಒಂದಿದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಮಾಲ್ಯವಂತ ಬೆಟ್ಟದಲ್ಲಿ, ಹೆಂಡತಿಯನ್ನು ಕಳೆದುಕೊಂಡ ಶ್ರೀರಾಮನೇ ಮಳೆಗಾಲ ಮುಗಿಯಲೆಂದು ಕಾದು ಕೂತಿದ್ದನಂತೆ. ದೇವರೇ ಮಳೆಯ ಮುಂದೆ ಸುಮ್ಮನಿದ್ದ ಮೇಲೆ ನಿಮ್ಮದೇನು ಗದ್ದಲ? ಉತ್ತರ: ರಾಮನಿಗೆ ಹೊಳೆದಂಡೆಯಲ್ಲಿ ಬಾಳೆ ಇರಲಿಲ್ಲ, ಬಾಳೆಯ ಮೇಲೆ ಸೊಸೈಟಿ ಸಾಲವೂ ಇರಲಿಲ್ಲ.

ನೀರು ಇಳಿದೊಡನೆ ಪ್ರಾರ್ಥನೆ ಬಾಳೆಗೊನೆಯ ರೇಟಿನ ಕಡೆಗೆ ಹೊರಳುತ್ತದೆ. ಅಲ್ಲಿ ಯಾವ ಗೇಟಿದೆ, ಅದರ ಚೈನು ಯಾರ ಕೈಲಿದೆ ಎಂಬುದು ಜಲಶಾಸ್ತ್ರದ ವ್ಯಾಪ್ತಿಗೆ ಬಾರದು. ಮಾರ್ಕೆಟ್ ಯಾರ್ಡಿನ ಪಂಡಿತರು ಪ್ರತ್ಯೇಕ ಪ್ರಬಂಧ ಬರೆಯತಕ್ಕದ್ದು.