ನೌಕಾಕೇಶ ಮೀಮಾಂಸೆ: ಹಡಗಿನ ಸಲೂನಿನಲ್ಲಿ ತಲೆಗೂದಲಿಗೆ ರೊಕ್ಕ ಸುರಿಯಬಹುದೇ?

ಪುಣೆಗೆ ಸಮುದ್ರವಿಲ್ಲ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ ಕೂತ ಊರಿನವನಿಗೆ ಹಡಗಿನ ಸಲೂನಿನ ಮೇಲೆ ಶಾಸ್ತ್ರ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂದು ಪಂಡಿತರು ಮೊದಲೇ ಅಡ್ಡ ಹಾಕಬಹುದು. ಅವರಿಗೆ ಉತ್ತರ ಇಷ್ಟೇ: ಪುಣೆಗೆ ಶಿಮ್ಲಾ ಕೂಡ ಇಲ್ಲ, ಆದರೂ ಶಿವಾಜಿನಗರದಲ್ಲಿ ‘ಶಿಮ್ಲಾ ಆಫೀಸ್’ ಇದೆ. ಭಾರತೀಯ ಹವಾಮಾನ ಇಲಾಖೆ 1928ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಶಿಮ್ಲಾದಿಂದ ಇಲ್ಲಿಗೆ ತಂದಾಗ ಆ ಬೆಟ್ಟದೂರಿನ ಹೆಸರೂ ಕಡತಗಳ ಜೊತೆ ಇಳಿದು ಬಂತು. ಮುಖ್ಯ ಕಚೇರಿ ದಿಲ್ಲಿಗೆ ಹೋಯಿತು, ಹೆಸರು ಹೋಗಲಿಲ್ಲ. ಇಲ್ಲದ್ದರ ಮೇಲೆ ಅಧಿಕಾರ ಸ್ಥಾಪಿಸುವುದು ಈ ಊರಿನ ಹಳೆಯ ವಿದ್ಯೆ.

ಇನ್ನು ವಿಷಯ. 2021ರಿಂದ ಮುಂಬಯಿಯ ಬಂದರಿನಿಂದ ಗೋವಾ, ಲಕ್ಷದ್ವೀಪಗಳ ಕಡೆ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹೊರಡತೊಡಗಿದ ಮೇಲೆ ಎಕ್ಸ್‌ಪ್ರೆಸ್ ವೇ ಇಳಿದು ಹಡಗು ಹತ್ತುವುದು ಪುಣೆಯ ಕನ್ನಡ ಕುಟುಂಬಗಳಿಗೂ ರೂಢಿಯಾಗುತ್ತಿದೆ. ಕ್ರೂಸ್ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ಊಟ ಸೇರಿರುತ್ತದೆ, ಹಾಸಿಗೆ ಸೇರಿರುತ್ತದೆ, ರಾತ್ರಿಯ ಹಾಡು-ಕುಣಿತವೂ ಸೇರಿರುತ್ತದೆ. ಸಲೂನು ಮಾತ್ರ ಸೇರಿರುವುದಿಲ್ಲ. ಸಂಶಯ ಹುಟ್ಟುವುದು ಅಲ್ಲೇ.

ಪೂರ್ವಪಕ್ಷವನ್ನು ಮಂಡಿಸಿದವರು ಧಾರವಾಡದಿಂದ ಬಂದು ಕೊಥ್ರೂಡಿನಲ್ಲಿ ನೆಲೆಸಿದ ಒಬ್ಬ ಹಿರಿಯ ಅತ್ತೆ. ‘ಅಲ್ಲವಾ, ಊಟ ಫುಕಟ್, ನಿದ್ದಿ ಫುಕಟ್, ಬರೇ ಕೂದಲಕ್ಕ ಯಾಕ ರೊಕ್ಕಾ? ಎಣ್ಣಿ ಹಚ್ಚಿ ಬಿಗಿಯಾಗಿ ಹೆರಳ ಹಾಕ್ಕೋ. ಹಡಗೇನು ಹತ್ತಿಸ್ಕೊಳ್ಳೂದಿಲ್ಲ ಅಂತದೇನು?’ ಸೊಸೆಯ ಪ್ರತಿವಾದ ಸಂಕ್ಷಿಪ್ತ: ‘ಅತ್ತೀ, ಫಾರ್ಮಲ್ ನೈಟ್ ಅದ ರೀ, ಸಿಂಗಾರ ಮಾಡ್ಕೊಂಡ ಊಟಕ್ಕ ಹೋಗಬೇಕು.’ ಎರಡೂ ಪಕ್ಷಗಳು ಶ್ರುತಿಯಷ್ಟೇ ಗಟ್ಟಿಯಾಗಿರುವುದರಿಂದ ಪ್ರಮಾಣಗಳಿಗೆ ಹೋಗಬೇಕಾಗುತ್ತದೆ.

ಪ್ರತ್ಯಕ್ಷ ಪ್ರಮಾಣವನ್ನು ಶಿಮ್ಲಾ ಆಫೀಸಿನ ವಿದ್ಯೆಯೇ ಒದಗಿಸುತ್ತದೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಮನುಷ್ಯನ ತಲೆಗೂದಲಿನಿಂದ ಗಾಳಿಯ ತೇವ ಅಳೆಯುವ ಉಪಕರಣವನ್ನು ಲೋಕಕ್ಕೆ ತಿಳಿಸಿದ. ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಕೂದಲು ಶೇಕಡಾ ಎರಡು-ಎರಡೂವರೆಯಷ್ಟು ಉದ್ದವಾಗುತ್ತದೆ. 40 ಸೆಂಟಿಮೀಟರ್ ಕೂದಲಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಈ ಹಿಗ್ಗು-ಕುಗ್ಗನ್ನು ನಂಬಿಯೇ ಹವಾಮಾನದವರು ಬಹುಕಾಲ ತೇವ ಅಳೆದರು. ಸಲೂನಿನವರು ಬಿಸಿಗಾಳಿ ಹೊಡೆದು ಕೂದಲನ್ನು ಬೇಕಾದ ಆಕಾರಕ್ಕೆ ತರುವುದೂ ಇದೇ ಗುಣದ ಮೇಲೆ. ಒದ್ದೆಯಾದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಸಡಿಲಗೊಳ್ಳುತ್ತವೆ, ಒಣಗುತ್ತ ಹೊಸ ಭಂಗಿಯಲ್ಲಿ ಕೂಡಿಕೊಳ್ಳುತ್ತವೆ. ಏಪ್ರಿಲ್ ಮಧ್ಯಾಹ್ನ ಗಾಳಿಯ ಆರ್ದ್ರತೆ ಶೇಕಡಾ 20–25ಕ್ಕೆ ಇಳಿಯುವ ಪುಣೆಯಲ್ಲಿ ಆ ಭಂಗಿ ಮದುವೆ ಮುಗಿದು ಬೀಗರು ಊರಿಗೆ ಹೋಗುವವರೆಗೂ ನಿಲ್ಲುತ್ತದೆ. ಅರಬ್ಬೀ ಸಮುದ್ರದ ಮೇಲೆ ಅದೇ ಬಂಧಗಳು ಮೊದಲ ತೇವಕ್ಕೇ ಪಕ್ಷಾಂತರ ಮಾಡುತ್ತವೆ. ಅಂದರೆ ಡೆಕ್ಕಿನ ಮೇಲೆ ನಿಂತ ಪ್ರಯಾಣಿಕಳು ತನಗೆ ಅರಿವಿಲ್ಲದೆ ಹವಾಮಾನ ಇಲಾಖೆಯ ವೇತನವಿಲ್ಲದ ನೌಕರಳು.

ಇಲ್ಲೊಂದು ಸೂಕ್ಷ್ಮವಿದೆ, ಅತ್ತೆಯವರಿಗೆ ಅನುಕೂಲವಾದದ್ದು. ಸೊಸ್ಯೂರ್ ತನ್ನ ಕೂದಲನ್ನು ಮೊದಲು ಸೋಡಾನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ, ಜಿಡ್ಡಿನ ಕೂದಲು ಉಪಕರಣಕ್ಕೆ ಒದಗದೆಂದು. ಹೀಗಾಗಿ ಶಾಂಪೂ ಹಾಕಿದ ತಲೆ ಆರ್ದ್ರತಾಮಾಪಕ. ಕೊಬ್ಬರಿ ಎಣ್ಣೆ ಹಚ್ಚಿದ ತಲೆ ತಲೆಯಾಗಿಯೇ ಉಳಿಯುತ್ತದೆ.

ತೇವದ ಮೇಲೆ ಗಾಳಿ. ನೌಕಾಧಿಕಾರಿ ಬೋಫರ್ಟ್ ಹಡಗಿನ ಹಾಯಿಗಳನ್ನು ನೋಡಿಕೊಂಡು ಗಾಳಿಗೆ 0ಯಿಂದ 12ರವರೆಗೆ ಅಂಕ ಕೊಟ್ಟ. ಹಾಯಿಗೆ ಅಂಕ ಕೊಟ್ಟವನು ಜಡೆಗೆ ಕೊಡದೆ ಹೋದದ್ದು ವಿದ್ವತ್ತಿಗೆ ದೊಡ್ಡ ನಷ್ಟ. ಗಾಳಿ ಸುಮ್ಮನಿದ್ದರೂ 18 ನಾಟ್ ವೇಗದಲ್ಲಿ ಓಡುವ ಹಡಗಿನ ಮುಂಭಾಗದಲ್ಲಿ ನಿಂತರೆ ಮುಖಕ್ಕೆ ಗಂಟೆಗೆ 33 ಕಿಲೋಮೀಟರ್ ಗಾಳಿ ಬಡಿಯುತ್ತದೆ. ಬೋಫರ್ಟನ ಲೆಕ್ಕದಲ್ಲಿ ಐದನೆಯ ಅಂಕ. ಈ ಹಂತದಲ್ಲಿ ತಲೆಯ ಮೇಲೆ ಏನಾಗುತ್ತದೆ ಎಂಬುದನ್ನು ವಿವರಿಸಲು ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪರಿಭಾಷೆಯೇ ಬೇಕು. ಅಲ್ಲಿಯವರು 1919ರಲ್ಲಿ ಶುರುಮಾಡಿ 1966ರಲ್ಲಿ ಮಹಾಭಾರತದ ವಿಮರ್ಶಾತ್ಮಕ ಆವೃತ್ತಿ ಮುಗಿಸಿದರು. ಸಲೂನಿನ ಕುರ್ಚಿಯಿಂದ ಏಳುವಾಗ ಕನ್ನಡಿಯಲ್ಲಿ ಕಂಡದ್ದು ಮೂಲಪಾಠ. ಲಿಫ್ಟಿನ ಬಾಗಿಲಲ್ಲಿ ಅಲ್ಪ ಪಾಠಾಂತರ. ಡೆಕ್ಕಿನ ಬಲಬದಿಯಲ್ಲಿ ಔತ್ತರೇಯ ಪಾಠ, ಎಡಬದಿಯಲ್ಲಿ ದಾಕ್ಷಿಣಾತ್ಯ ಪಾಠ. ಬೈತಲೆಯ ಮೇಲೆ ನೆಟ್ಟಗೆ ನಿಂತ ಒಂದು ಹಿಡಿ ಕೂದಲು ಪ್ರಕ್ಷಿಪ್ತ. ಸಂಪಾದಕರಿಗೆ 47 ವರ್ಷ ಸಿಕ್ಕಿತು. ನಮ್ಮ ಪ್ರಯಾಣಿಕಳಿಗೆ ಊಟದ ಗಂಟೆಗೆ ಮುಂಚೆ ಹತ್ತು ನಿಮಿಷ ಸಿಕ್ಕರೆ ಪುಣ್ಯ.

ಮಹಾಭಾರತದ ಮಾತು ಬಂದ ಮೇಲೆ ಬೆಲೆಯ ಮಾತೂ ಬರಲೇಬೇಕು. ಭಟ್ಟನಾರಾಯಣನ ‘ವೇಣೀಸಂಹಾರ’ದಲ್ಲಿ ಒಬ್ಬ ಹೆಣ್ಣುಮಗಳ ಮುಡಿ ಕಟ್ಟಲು ಇಡೀ ನಾಟಕ ಬೇಕಾಯಿತು. ಯುದ್ಧಕ್ಕೆ ಬಂದದ್ದು 18 ಅಕ್ಷೋಹಿಣಿ, ನಡೆದದ್ದು 18 ದಿನ, ಗ್ರಂಥಕ್ಕೆ 18 ಪರ್ವ. ನಮ್ಮ ಸರ್ಕಾರವೂ ಸಲೂನಿನ ಬಿಲ್ಲಿನ ಮೇಲೆ ಶೇಕಡಾ 18 ಜಿಎಸ್‌ಟಿ ವಿಧಿಸುತ್ತಿತ್ತು. ಕೆಲವು ವಿದೇಶಿ ಹಡಗುಗಳಲ್ಲಿ ಸಲೂನ್ ಬಿಲ್ಲಿಗೆ ಶೇಕಡಾ 18 ಟಿಪ್ಸ್ ತಾನಾಗಿಯೇ ಅಂಟಿಕೊಳ್ಳುತ್ತದೆ, ಕೆಲವು ಕಡೆ 20. ಇದನ್ನು ಕಾಕತಾಳೀಯ ಎನ್ನುವವರಿಗೆ ಸಂಶೋಧನ ದೃಷ್ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಲೂನಿನ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದದ್ದು ಪಾಂಡವರ ಸಂಖ್ಯೆಗೆ ಸಂದ ಗೌರವವೆಂದು ತಿಳಿಯತಕ್ಕದ್ದು.

ಆ ತೆರಿಗೆ ಯಾವ ರಾಜ್ಯಕ್ಕೆ? ವಿದ್ವಾಂಸರು ನಿದ್ದೆಗೆಡಬೇಕಾದ ಪ್ರಶ್ನೆ ಇದು. 2017ರ ಸಮಗ್ರ ಜಿಎಸ್‌ಟಿ ಕಾಯ್ದೆಯ 12ನೆಯ ಕಲಮಿನ 4ನೆಯ ಉಪಕಲಮು, ಸೌಂದರ್ಯ ಸೇವೆ ಎಲ್ಲಿ ನಡೆಯಿತೋ ಅದೇ ಅದರ ಸ್ಥಳ ಎನ್ನುತ್ತದೆ. 9ನೆಯ ಕಲಮು, 12 ನಾಟಿಕಲ್ ಮೈಲಿಯೊಳಗಿನ ಸಮುದ್ರದಲ್ಲಿ ನಡೆದದ್ದನ್ನು ಹತ್ತಿರದ ಕರಾವಳಿ ರಾಜ್ಯದ್ದೆಂದು ಬಗೆಯುತ್ತದೆ. ಹಾಗಾದರೆ ಕಾರವಾರದ ಎದುರು ಸುತ್ತಿದ ಗುಂಗುರಿನ ತೆರಿಗೆ ಕರ್ನಾಟಕದ್ದು. ಆದರೆ ಅದೇ 12ನೆಯ ಕಲಮಿನ 10ನೆಯ ಉಪಕಲಮು, ಹಡಗಿನ ಮೇಲೆ ಕೊಟ್ಟ ಸೇವೆ ಹಡಗು ಮೊದಲು ಹೊರಟ ಊರಿನದು ಎನ್ನುತ್ತದೆ, ಹಾಗಾದರೆ ಮುಂಬಯಿಯದು. ಒಂದೇ ಬೈತಲೆ, ಎರಡು ಖಜಾನೆ. ಎರಡೂ ರಾಜ್ಯಗಳ ಗಡಿ ತಂಟೆ ಬಿಡಿಸಲು ಕೂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು ಬೆಳಗಾವಿಯನ್ನು ಅಂದಿನ ಮೈಸೂರು ರಾಜ್ಯದಲ್ಲೇ ಉಳಿಸಿತು, ಬೈತಲೆಯ ಬಗ್ಗೆ ಮೌನ ತಾಳಿತು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ದಾವೆಯಲ್ಲೂ ಕೇಶದ ಪ್ರಸ್ತಾಪವಿಲ್ಲ. ಸದ್ಯಕ್ಕೆ ಪುಣೆಯ ಕನ್ನಡಿಗರು ಈ ಸುದ್ದಿಯನ್ನು ಎರಡೂ ಕಡೆಯ ಪುಢಾರಿಗಳ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಒಳ್ಳೆಯದು.

ವಾರದ ದೋಷವೂ ಉಂಟು. ಮಹಾರಾಷ್ಟ್ರದಲ್ಲಿ ಸಲೂನಿಗೆ ಸೋಮವಾರ ರಜೆ, ಕರ್ನಾಟಕದಲ್ಲಿ ಮಂಗಳವಾರ. ಪುಣೆಯ ಕನ್ನಡಿಗರಿಗೆ ಎರಡೂ ದಿನ ನಿಷಿದ್ಧ. ಹಡಗಿನ ಸಲೂನು ಎರಡನ್ನೂ ಲೆಕ್ಕಿಸುವುದಿಲ್ಲ.

ಅತ್ತೆಯವರ ಪಕ್ಷ ಇಷ್ಟು ಗೆದ್ದ ಮೇಲೆ ಒಂದು ಅಡ್ಡಮಾತು. ಹೆಣ್ಣಿನ ತಲೆಗೂದಲನ್ನು ಬೇರೆಯವರು ನಿರ್ಣಯಿಸಿದ ಚರಿತ್ರೆ ಈ ಸೀಮೆಗೆ ಹೊಸದಲ್ಲ, ಅದು ನಗುವಂಥದ್ದೂ ಅಲ್ಲ. ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಮುಂಬಯಿಯ ಕ್ಷೌರಿಕರು 1890ರಲ್ಲಿ ಮುಷ್ಕರ ಹೂಡಬೇಕಾಯಿತು. ಅವರನ್ನು ಒಗ್ಗೂಡಿಸಿದ ನಾರಾಯಣ ಮೇಘಾಜಿ ಲೋಖಂಡೆ, ಪುಣೆಯ ಜೋತಿಬಾ ಫುಲೆಯವರ ಒಡನಾಡಿ. ಹಡಗಿನ ಬಾರಿನಲ್ಲಿ ಗಂಡ ಕುಡಿದು ಮುಗಿಸಿದ್ದು ಸಾರ್ಥಕವೇ ಎಂದು ಯಾರೂ ಮೀಮಾಂಸೆ ಬರೆಯುವುದಿಲ್ಲ. ಹೆಂಡತಿಯ ಕೂದಲಿಗೆ ಮಾತ್ರ ಪೂರ್ವಪಕ್ಷ, ಉತ್ತರಪಕ್ಷ. ಪ್ರಸ್ತುತ ಪ್ರಬಂಧವೂ ಇದೇ ದೋಷದಿಂದ ಕೂಡಿದೆಯೆಂದು ಸೊಸೆ ಹಸ್ತಪ್ರತಿಯ ಅಂಚಿನಲ್ಲಿ ಟಿಪ್ಪಣಿ ಬರೆದಿದ್ದಾಳೆ. ಸಂಪಾದನಾಶಾಸ್ತ್ರದ ಪ್ರಕಾರ ಅಂಚಿನ ಟಿಪ್ಪಣಿಯನ್ನು ಅಳಿಸುವಂತಿಲ್ಲ.

ನಿರ್ಣಯ. ಸಲೂನಿನಿಂದ ಊಟದ ಹಾಲಿಗೆ ಒಳಮೆಟ್ಟಿಲಿಂದಲೇ ಹೋಗಿ, ಫೋಟೋ ತೆಗೆಸಿಕೊಂಡು, ಒಳಗಿನಿಂದಲೇ ಕ್ಯಾಬಿನ್ನಿಗೆ ಮರಳುವವರಿಗೆ ದುಡ್ಡು ಕೊಡುವುದು ಯೋಗ್ಯ. ಎಸಿಯೊಳಗೆ ಹೈಡ್ರೋಜನ್ ಬಂಧಗಳು ಮಾತು ಕೇಳುತ್ತವೆ. ಹಡಗು ಬಂದರಿನಲ್ಲಿ ನಿಂತು ಎಲ್ಲರೂ ಊರು ನೋಡಲು ಇಳಿದಾಗ ಸಲೂನು ಖಾಲಿ ಇರುತ್ತದೆ. ರಿಯಾಯಿತಿ ಸಿಗುವುದು ಆಗಲೇ. ಡೆಕ್ಕಿನ ಮೇಲೆ ಸೂರ್ಯಾಸ್ತ ನೋಡಲೇಬೇಕೆನ್ನುವವರು ಹೆರಳು ಹಾಕಿಕೊಳ್ಳತಕ್ಕದ್ದು. ಎರಡೂ ಬೇಕೆನ್ನುವವರು ಸ್ಕೂಟಿಯ ಮೇಲೆ ಕಟ್ಟಿಕೊಳ್ಳುವ ಪುಣೆಯ ಸ್ಕಾರ್ಫನ್ನು ಒಯ್ಯತಕ್ಕದ್ದು. ಕಣ್ಣು ಬಿಟ್ಟು ಉಳಿದೆಲ್ಲವನ್ನೂ ಮುಚ್ಚುವ ಆ ಬಟ್ಟೆಯನ್ನು ಬೋಫರ್ಟನ ಐದನೆಯ ಗಾಳಿಯೂ ಬಿಚ್ಚಲಾರದು. ಫೋಟೋದಲ್ಲಿ ಯಾರೆಂದು ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

ಓದುಗರಿಗೆ ಪುಣೇರಿ ಪದ್ಧತಿಯ ಸೂಚನೆ: ನಿರ್ಣಯದ ಬಗ್ಗೆ ತಕರಾರಿದ್ದರೆ ಬರೆದು ಕಳಿಸಿ, ಉತ್ತರ ಬರುವುದಿಲ್ಲ. ಮಧ್ಯಾಹ್ನ 1ರಿಂದ 4ರವರೆಗೆ ಪ್ರಬಂಧಕಾರರು ಮಲಗಿರುತ್ತಾರೆ, ಬೆಲ್ ಒತ್ತಬಾರದು.