ಮೊದಲೇ ಗೊತ್ತಿದ್ದ ಸಾಹೇಬರಿಗೊಂದು ಬಹಿರಂಗ ಪತ್ರ

ದಿಲ್‌ಸುಖ್‌ನಗರ, ಹೈದರಾಬಾದ್

ಸನ್ಮಾನ್ಯ ಸಾಹೇಬರೇ,

ಈ ಕಾಗದವನ್ನು ತಮ್ಮ ಮನೆಗೇ ತಂದು ಕೊಡಬಹುದಿತ್ತು. ಚೈತನ್ಯಪುರಿ ಮೆಟ್ರೊ ಸ್ಟೇಷನ್ನಿನಿಂದ ನಡೆದರೆ ಹತ್ತು ನಿಮಿಷವೂ ಆಗದ ದಾರಿ. ಆದರೆ ತಮ್ಮಂಥ ತ್ರಿಕಾಲಜ್ಞಾನಿಗಳು ಮಲಕ್‌ಪೇಟೆಯಿಂದ ಎಲ್.ಬಿ. ನಗರದವರೆಗಿನ ಈ ರಸ್ತೆಯಲ್ಲಿ ಚಹಾದಂಗಡಿಗೊಬ್ಬರಂತೆ ಇದ್ದಾರೆ. ಒಬ್ಬರಿಗೆ ಬರೆದರೆ ಉಳಿದವರಿಗೆ ಅವಮಾನ. ಅದಕ್ಕೇ ಪತ್ರಿಕೆಯ ಮೂಲಕ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಮನೆ ಮಾಡಿಕೊಂಡವರಲ್ಲೂ ತಮ್ಮ ಪಂಥದವರು ಬೇಕಾದಷ್ಟಿದ್ದಾರೆ, ಆದ್ದರಿಂದ ಕನ್ನಡದಲ್ಲಿ ಬರೆದರೂ ನಷ್ಟವಿಲ್ಲ.

ವಿಷಯ ಸಣ್ಣದು. ಹೆಂಗಸರ ಟೆನಿಸ್ ಫೈನಲ್‌ನಲ್ಲಿ ಯಾರೂ ಎಣಿಸದವಳು ಗೆದ್ದಾಗ ತಾವು ನಡೆದುಕೊಳ್ಳುವ ರೀತಿಯ ಬಗ್ಗೆ ನನಗೆ ಬಹಳ ದಿನದಿಂದ ಒಂದು ಬಗೆಯ ಭಕ್ತಿ ಇದೆ. ಅದನ್ನು ನಿವೇದಿಸಿಕೊಳ್ಳಬೇಕು.

2021ರದ್ದನ್ನೇ ತೆಗೆದುಕೊಳ್ಳಿ. ಆ ವರ್ಷದ ವಿಂಬಲ್ಡನ್‌ನಲ್ಲಿ ಎಮ್ಮಾ ರಾಡುಕಾನು ಉಸಿರಾಟದ ತೊಂದರೆಯಿಂದ ನಾಲ್ಕನೇ ಸುತ್ತಿನ ಪಂದ್ಯವನ್ನು ಅರ್ಧಕ್ಕೇ ಬಿಟ್ಟು ಹೊರಬಂದಾಗ, 'ಈ ಪೋರಿ ಕೈಲಿ ಆಗೋದಲ್ಲ' ಎಂದು ಸಾಸರಿಗೆ ಸುರಿದ ಚಹಾ ಆರುವುದರೊಳಗೆ ತಾವು ತೀರ್ಪು ಕೊಟ್ಟಿರಿ. ಎರಡು ತಿಂಗಳಾಗಿತ್ತೋ ಇಲ್ಲವೋ, ಅದೇ ಪೋರಿ 150ನೇ ರ‍್ಯಾಂಕ್ ಇಟ್ಟುಕೊಂಡು ಅಮೆರಿಕದ ಓಪನ್‌ಗೆ ಹೋಗಿ, ಅರ್ಹತಾ ಸುತ್ತಿನಿಂದ ಶುರುಮಾಡಿ ಹತ್ತು ಪಂದ್ಯ ಗೆದ್ದು, ಒಂದೇ ಒಂದು ಸೆಟ್ ಬಿಟ್ಟುಕೊಡದೆ ಕಪ್ಪು ಎತ್ತಿದಳು. ಮರುದಿನ ತಾವು ಹೇಳಿದ್ದು: 'ನನಗೆ ವಿಂಬಲ್ಡನ್‌ನಲ್ಲೇ ಗೊತ್ತಾಗಿತ್ತು.' ಇನ್ನೊಂದು ವರ್ಷಕ್ಕೆ ಅವಳು ಅದೇ ಅಮೆರಿಕದ ಓಪನ್‌ನ ಮೊದಲ ಸುತ್ತಿನಲ್ಲಿ ಸೋತಾಗ ಹೇಳಿದ್ದು: 'ನಾನು ಅವತ್ತೇ ಹೇಳಲಿಲ್ಲವೇ, ಅದೆಲ್ಲ ಅದೃಷ್ಟ.' ಈ ಮೂರು ಮಾತುಗಳನ್ನು ಪಕ್ಕಪಕ್ಕ ಇಟ್ಟರೆ ಹೊಂದುವುದಿಲ್ಲ. ಆದರೂ ತಮ್ಮ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ವಾಂಡ್ರುಶೋವಾ ಎಂಬ ಚೆಕ್ ಹುಡುಗಿ 2022ರಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಗೆಳತಿಯ ಪಂದ್ಯ ನೋಡಲು ವಿಂಬಲ್ಡನ್‌ಗೆ ಹೋಗಿದ್ದಳು. ಮುಂದಿನ ವರ್ಷ ಅಲ್ಲೇ ಗೆದ್ದಳು. ಶ್ರೇಯಾಂಕವಿಲ್ಲದೆ ಅಲ್ಲಿ ಗೆದ್ದ ಮೊದಲ ಹೆಂಗಸು. ಅವತ್ತು ತಾವು, ನಾನು, ಇಡೀ ಲೋಕ ಅತ್ತದ್ದು ಸೋತ ಓನ್ಸ್ ಜಬೂರ್‌ಗಾಗಿ. ಅಳುವುದೇನೋ ಸರಿ, ಜಬೂರ್ ಅಂಥವರೇ. ಆದರೆ ಗೆದ್ದವಳಿಗೆ ಒಂದು ಮಾತಿನ ಮುಬಾರಕ್ ಹೇಳುವುದಕ್ಕೂ ತಮಗೆ ಪುರಸೊತ್ತಾಗಲಿಲ್ಲ. 2013ರಲ್ಲಿ ವಿಂಬಲ್ಡನ್ ಗೆದ್ದ ಬಾರ್ತೊಲಿ ಕತೆ ಇದಕ್ಕಿಂತ ಕಡೆ. ಆಕೆ ಏಳು ಪಂದ್ಯ ಸೆಟ್ ಸೋಲದೆ ಗೆದ್ದರೆ, ಲಂಡನ್ನಿನ ರೇಡಿಯೊದಲ್ಲಿ ನಿರೂಪಕರೊಬ್ಬರು ಆಕೆಯ ರೂಪದ ಮೇಲೆ ಷರಾ ಬರೆದರು. ತಾವು ಒಬ್ಬಂಟಿಯಲ್ಲ ಎಂದು ತಿಳಿಸಲು ಇದನ್ನು ಹೇಳಿದೆ. ತಮ್ಮ ಬಳಗ ದೊಡ್ಡದು, ವಿಲಾಯಿತಿಯಲ್ಲೂ ಶಾಖೆಗಳಿವೆ.

ಯಾಕೆ ಹೀಗೆ ಎಂದು ಯೋಚಿಸಿದಾಗ ನನಗೆ ತೋರಿದ್ದು, ತಪ್ಪು ತಮ್ಮದಲ್ಲ, ಈ ಊರಿನ ಮಣ್ಣಿನದು. ದಿಲ್‌ಸುಖ್‌ನಗರ ರ‍್ಯಾಂಕಿನ ಊರು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ಮರುದಿನ ನಮ್ಮ ಗೋಡೆಗಳನ್ನು ನೋಡಿದ್ದೀರಲ್ಲ. ಒಂದೇ ಹುಡುಗನ ಅದೇ ಪಾಸ್‌ಪೋರ್ಟ್ ಅಳತೆಯ ಫೋಟೊ, ಅದೇ ಎಣ್ಣೆ ಹಚ್ಚಿದ ಬೈತಲೆ, ಎರಡು ಮೂರು ಕೋಚಿಂಗ್ ಸೆಂಟರುಗಳ ಬ್ಯಾನರಿನ ಮೇಲೆ ಒಟ್ಟಿಗೇ ನಗುತ್ತಿರುತ್ತದೆ. ಒಬ್ಬರು ಫಿಸಿಕ್ಸ್ ಕಲಿಸಿದರಂತೆ, ಇನ್ನೊಬ್ಬರು ಮಾದರಿ ಪರೀಕ್ಷೆ ಕೊಟ್ಟರಂತೆ, ಮೂರನೆಯವರಲ್ಲಿ ಅವನು ಬರೀ ವಿಚಾರಿಸಿಕೊಂಡು ಹೋಗಿದ್ದನಂತೆ. ಗೆದ್ದವನ ಮೇಲೆ ಎಲ್ಲರ ಹಕ್ಕು. ಹಾಸ್ಟೆಲಿನ ಖೋಲಿಯಲ್ಲಿ ರಾತ್ರಿ ಎರಡು ಗಂಟೆಗೆ ಅವನು ಬಿಡಿಸಿದ ಲೆಕ್ಕದ ಮೇಲೆ ಮಾತ್ರ ಯಾರ ಹಕ್ಕೂ ಇಲ್ಲ, ಯಾಕೆಂದರೆ ಅದನ್ನು ಯಾರೂ ನೋಡಲಿಲ್ಲ. ಇಂಥ ಊರಿನಲ್ಲಿ ನೂರೈವತ್ತನೇ ರ‍್ಯಾಂಕಿನವಳು ಮೊದಲಿಗಳಾದರೆ ಅದು ಗೆಲುವಲ್ಲ, ಪ್ರಶ್ನೆಪತ್ರಿಕೆ ಸೋರಿಕೆ.

ಈಗ ನಮ್ಮೂರ ಫೈನಲ್‌ಗೆ ಬರುತ್ತೇನೆ. 2005ರ ಫೆಬ್ರುವರಿ 12, ಹೈದರಾಬಾದ್ ಓಪನ್. ಎಲ್.ಬಿ. ಸ್ಟೇಡಿಯಂ ಆವರಣದ ಟೆನಿಸ್ ಅಂಕಣದಲ್ಲಿ ಹದಿನೆಂಟು ವಯಸ್ಸಿನ ಸಾನಿಯಾ ಮಿರ್ಜಾ, ಎದುರಿಗೆ ಉಕ್ರೇನಿನ ಅಲ್ಯೋನಾ ಬಂಡಾರೆಂಕೊ. ತಿಂಗಳ ಹಿಂದಷ್ಟೇ ಸಾನಿಯಾ ಆಸ್ಟ್ರೇಲಿಯಾದಲ್ಲಿ ಮೂರನೇ ಸುತ್ತಿನವರೆಗೆ ಹೋಗಿ ಸೆರೆನಾ ಕೈಲಿ ಸೋತು ಬಂದಿದ್ದರು. ರ‍್ಯಾಂಕ್ ಇನ್ನೂ ನೂರರ ಆಚೆ. ಭಾರತದ ಹೆಣ್ಣುಮಗಳೊಬ್ಬಳು ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಯನ್ನು ಅಲ್ಲಿಯವರೆಗೆ ಗೆದ್ದದ್ದೇ ಇಲ್ಲ. 6-4, 5-7, 6-3ರಿಂದ ಸಾನಿಯಾ ಗೆದ್ದರು.

ಆ ಪಂದ್ಯಕ್ಕೆ ತಾವು ಹೋಗಿದ್ದಿರಿ. ತಾವೇ ಹೇಳಿದ್ದೀರಿ. ತಮ್ಮ ಭಾವಮೈದುನರೂ ಹೋಗಿದ್ದರು, ಪಕ್ಕದ ಜೆರಾಕ್ಸ್ ಅಂಗಡಿಯವರೂ ಹೋಗಿದ್ದರು, ಗಡ್ಡಿಅನ್ನಾರಂ ಮಾರ್ಕೆಟ್ಟಿನಲ್ಲಿ ಆ ದಿನ ಮೋಸಂಬಿ ಲಾರಿ ಇಳಿಸಬೇಕಿದ್ದ ಕಮಿಷನ್ ಏಜೆಂಟರೂ ಲಾರಿ ಬಿಟ್ಟು ಹೋಗಿದ್ದರು. ನಾನು ಇಲ್ಲಿಗೆ ಬಂದ ಮೇಲೆ ಭೇಟಿಯಾದ ನಲವತ್ತು ದಾಟಿದ ಗಂಡಸರಲ್ಲಿ ಆ ದಿನ ಸ್ಟೇಡಿಯಂನಲ್ಲಿ ಇರಲಿಲ್ಲ ಎನ್ನುವವರನ್ನು ಹುಡುಕುವುದೇ ಕಷ್ಟ. ಎಲ್ಲರ ಮಾತನ್ನೂ ನಂಬಿದರೆ ಆ ಗ್ಯಾಲರಿ ಬಶೀರ್‌ಬಾಗ್‌ನಿಂದ ಶುರುವಾಗಿ ಕೋಠಿ, ಚಾದರ್‌ಘಾಟ್ ದಾಟಿ ಮೂಸಿ ನದಿಯ ಮೇಲಿಂದ ನಮ್ಮ ಸಾಯಿಬಾಬಾ ಗುಡಿಯವರೆಗೂ ಬಂದಿರಬೇಕು. ನಾನು ನಂಬುತ್ತೇನೆ.

ಆದರೆ ಒಂದು ಚಿಕ್ಕ ಅನುಮಾನ. ಅಲ್ಲಿದ್ದವರಲ್ಲಿ ಯಾರನ್ನು ಕೇಳಿದರೂ ಗಲಾಟೆ ನೆನಪಿದೆ, ಸೀಟಿ ನೆನಪಿದೆ, ಮೂಗುತಿ ನೆನಪಿದೆ. ಎರಡನೇ ಸೆಟ್ ಯಾರಿಗೂ ನೆನಪಿಲ್ಲ. ಅದನ್ನು ಸಾನಿಯಾ ಸೋತಿದ್ದರು ಎಂದರೆ 'ಹೌದಾ?' ಎನ್ನುತ್ತೀರಿ. ಎದುರಾಳಿಯ ಹೆಸರು ಕೇಳಿದರೆ 'ಯಾರೋ ಒಬ್ಬಳು ಗೋರಿ' ಎನ್ನುತ್ತೀರಿ. ಆ ಯಾರೋ ಒಬ್ಬಳು ಮುಂದೆ ಸಿಂಗಲ್ಸ್‌ನಲ್ಲಿ 19ನೇ ರ‍್ಯಾಂಕಿನವರೆಗೆ ಏರಿದಳು, 2008ರಲ್ಲಿ ತಂಗಿ ಕಟರೀನಾಳ ಜೊತೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದಳು. ನಮ್ಮ ಸಾನಿಯಾ ಸಿಂಗಲ್ಸ್‌ನಲ್ಲಿ ಮುಟ್ಟಿದ ಎತ್ತರ 27, 2007ರಲ್ಲಿ. ಅಂದರೆ ಆ ಸಂಜೆ ಅವರು ಸೋಲಿಸಿದ್ದು ಒಬ್ಬ ನಿಜವಾದ ಆಟಗಾರ್ತಿಯನ್ನು. ಸಮಸಮ ಆದ ಮೇಲೆ ಮೂರನೇ ಸೆಟ್ಟಿಗೆ ಇಳಿಯುವಾಗ ತವರಿನ ಜನರ ಕೂಗು ಬೆನ್ನಿಗಿದ್ದರೆ ಬಲವೂ ಹೌದು, ಭಾರವೂ ಹೌದು. ಅದನ್ನು ಹದಿನೆಂಟರ ಹುಡುಗಿ ಹೇಗೆ ಹೊತ್ತಳು? ಇಡೀ ಗೆಲುವು ಇರುವುದು ಅಲ್ಲೇ. ತಾವು ಅಷ್ಟು ಹತ್ತಿರದಿಂದ ನೋಡಿದವರು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಆಡುವ ಅಗತ್ಯವೂ ತಮಗಿಲ್ಲ. ಒಂದೋ ಅವಳು ಗೆಲ್ಲುತ್ತಾಳೆಂದು ಮೊದಲೇ ಗೊತ್ತಿತ್ತು, ಇಲ್ಲವೇ ಅದೃಷ್ಟದಿಂದ ಗೆದ್ದಳು. ಎರಡರಲ್ಲೂ ಪಂದ್ಯ ನೋಡುವ ತಾಪತ್ರಯವಿಲ್ಲ. ಹೈದರಾಬಾದ್ ಓಪನ್ ನಾಲ್ಕನೇ ದರ್ಜೆಯ ಟೂರ್ನಿ, ದೊಡ್ಡವರು ಯಾರೂ ಬಂದಿರಲಿಲ್ಲ ಎಂದು ತಾವು ಮೂರೇ ದಿನದಲ್ಲಿ ಪತ್ತೆಹಚ್ಚಿದಿರಿ. ಸರಿ ಎಂದು ಸಾನಿಯಾ ಮಾರ್ಚ್ ಮೊದಲಲ್ಲೇ ದುಬೈಗೆ ಹೋಗಿ, ಆಗಿನ ಅಮೆರಿಕ ಓಪನ್ ಚಾಂಪಿಯನ್ ಕುಜ್ನೆಟ್ಸೋವಾರನ್ನು 6-4, 6-2ರಿಂದ ಸೋಲಿಸಿದರು. ಆಗ ಕುಜ್ನೆಟ್ಸೋವಾ ಫಾರ್ಮಿನಲ್ಲಿ ಇರಲಿಲ್ಲ ಎಂದಿರಿ. ಸೆಗಣಿ ಸಾರಿಸಿದ ಅಂಕಣದಲ್ಲಿ ಆಡಲು ಕಲಿತೆ ಎಂದು ಸಾನಿಯಾ ಅವರೇ ಹೇಳಿಕೊಂಡಿದ್ದಾರೆ. ಫಾರ್ಮ್ ಎನ್ನುವುದು ಆ ಕಡೆಯವರಿಗೆ ಮಾತ್ರ ಇರುತ್ತದೆ ಎಂದು ಅವರಿಗೆ ಯಾರು ಹೇಳಬೇಕು?

ಇಷ್ಟಾದ ಮೇಲೆ ತಾವು ಸಾನಿಯಾರನ್ನು ದತ್ತು ತೆಗೆದುಕೊಂಡಿರಿ. ಇದು ತಮ್ಮ ದೊಡ್ಡ ಗುಣ. ಎಣಿಸದೆ ಬಂದ ಗೆಲುವನ್ನು ತಾವು ಹೆಚ್ಚು ದಿನ ಎಣಿಸದೆ ಬಿಡುವುದಿಲ್ಲ, ಮನೆಯ ಲೆಕ್ಕಕ್ಕೆ ಜಮೆ ಮಾಡಿಕೊಳ್ಳುತ್ತೀರಿ. ಮನೆಮಗಳು ಎಂದ ಮೇಲೆ ಅವಳ ಉಡುಪು ವಿಚಾರಿಸುವುದು ಬಂತು. ಅದೇ ಸೆಪ್ಟೆಂಬರಿನಲ್ಲಿ ಮೌಲ್ವಿಯೊಬ್ಬರು ಸ್ಕರ್ಟಿನ ಉದ್ದದ ಮೇಲೆ ಫತ್ವಾ ಹೊರಡಿಸಿದಾಗ, ಫತ್ವಾ ಒಪ್ಪದ ತಾವೂ 'ಆದರೂ ಸ್ವಲ್ಪ...' ಎಂದು ವಾಕ್ಯ ಅರ್ಧಕ್ಕೆ ನಿಲ್ಲಿಸಿದ್ದು ನೆನಪಿದೆ. 2008ರ ಆರಂಭದಲ್ಲಿ ಪರ್ತ್‌ನಲ್ಲಿ ಅವರು ಕಾಲು ಚಾಚಿ ಕುಳಿತಿದ್ದ ಫೋಟೊದಲ್ಲಿ ಪಾದ ಎಲ್ಲಿತ್ತು, ತ್ರಿವರ್ಣ ಎಲ್ಲಿತ್ತು ಎಂದು ಅಳೆದು ನೋಡುವುದು ಬಂತು. 2010ರಲ್ಲಿ ಮದುವೆ. ಬೀಗರು ಗಡಿಯಾಚೆಯವರಾದ್ದರಿಂದ ಇಡೀ ದೇಶವೇ ವಧುವಿನ ಕಡೆಯ ಹಿರಿಯರಾಗಿ ನಿಂತಿತು, ಊಟಕ್ಕೆ ಯಾರೂ ಕರೆಯದಿದ್ದರೂ. 2014ರಲ್ಲಿ ಹೊಸ ತೆಲಂಗಾಣ ಸರ್ಕಾರ ಅವರನ್ನು ರಾಯಭಾರಿ ಮಾಡಿ ಒಂದು ಕೋಟಿ ರೂಪಾಯಿ ಕೊಟ್ಟಾಗ, ರಾಜಕಾರಣಿಯೊಬ್ಬರು ಆಕೆ ಪಾಕಿಸ್ತಾನದ ಸೊಸೆ ಎಂದರು. ಮಗಳಾಗಿ ಕರೆದೊಯ್ದು ಸೊಸೆಯಾಗಿ ವಾಪಸು ಕಳಿಸುವ ಈ ಕಲೆ ನಮ್ಮವರಿಗೆ ಮಾತ್ರ ಸಿದ್ಧಿಸಿದ್ದು.

ಮುಂದಿನ ವರ್ಷವೇ ಡಬಲ್ಸ್‌ನಲ್ಲಿ ಜಗತ್ತಿಗೆ ಒಂದನೇ ಸ್ಥಾನ. ಹಿಂಗಿಸ್ ಜೊತೆ ವಿಂಬಲ್ಡನ್. ಮಹಿಳಾ ಡಬಲ್ಸ್, ಮಿಶ್ರ ಡಬಲ್ಸ್ ಸೇರಿ ಒಟ್ಟು ಆರು ಗ್ರ್ಯಾನ್‌ಸ್ಲಾಮ್. ತಾವು: 'ಡಬಲ್ಸ್ ಬಿಡಿ.' ಬಿಟ್ಟೆ, ಸಾಹೇಬರೇ.

ತಮ್ಮನ್ನೇ ಹಿಡಿದುಕೊಂಡು ಬೆಂಗಳೂರಿನವರನ್ನು ಬಿಟ್ಟರೆ ಪಕ್ಷಪಾತವಾದೀತು. ಸಾನಿಯಾ ಗೆದ್ದ ಆ ಟೂರ್ನಿ 2006ರಿಂದ ಹೈದರಾಬಾದು ಬಿಟ್ಟು ಬೆಂಗಳೂರಿಗೆ ಹೋಯಿತು. 2007ರಲ್ಲಿ ಅಲ್ಲಿ ಹತ್ತೊಂಬತ್ತರ ಯಾರೋಸ್ಲಾವಾ ಶ್ವೆಡೋವಾ, ಹಿಂದಿನ ವರ್ಷದ ವಿಜೇತೆ ಮಾರಾ ಸಾಂಟಾಂಜೆಲೊರನ್ನು ಸೋಲಿಸಿ ಕಪ್ಪು ಎತ್ತಿದರು. ಯಾರೂ ಎಣಿಸದ ಗೆಲುವು ಎಂದರೆ ಅದು. ಕಬ್ಬನ್ ಪಾರ್ಕಿನ ಅಂಕಣದಲ್ಲಿ ಗೆದ್ದ ಆಕೆಯನ್ನು ಬೆಂಗಳೂರು ಯಾವತ್ತೂ ತನ್ನವಳೆಂದುಕೊಳ್ಳಲಿಲ್ಲ. 2012ರ ವಿಂಬಲ್ಡನ್‌ನಲ್ಲಿ ಅದೇ ಶ್ವೆಡೋವಾ ಸಾರಾ ಎರಾನಿಗೆ ಒಂದೇ ಒಂದು ಅಂಕ ಕೊಡದೆ, ಸತತ 24 ಅಂಕ ಬಾಚಿ ಒಂದು ಸೆಟ್ ಮುಗಿಸಿದಾಗ ನನ್ನ ಬೆಂಗಳೂರಿನ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ, ನಿಮ್ಮೂರಲ್ಲಿ ಗೆದ್ದವಳಲ್ಲವೇ ಎಂದೆ. 'ನಮ್ಮೂರಲ್ಲಿ ಸೆರೆನಾ ಗೆದ್ದದ್ದು' ಎಂದರು. ಅದೂ ಸುಳ್ಳಲ್ಲ, 2008ರಲ್ಲಿ. ಆ ವರ್ಷ ಸಾನಿಯಾ ಬೆಂಗಳೂರಿಗೆ ಬರಲಿಲ್ಲ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು ಎದ್ದೇ ಏಳುತ್ತದೆ, ದೂರ ಇರುವುದೇ ವಾಸಿ ಎಂದು ಹಿಂದೆ ಸರಿದಿದ್ದರು. ಶ್ವೆಡೋವಾ ಭಾಗ್ಯವಂತೆ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಮರೆತವರು ಸ್ಕರ್ಟ್ ಅಳೆಯುವುದಿಲ್ಲ.

2023ರ ಮಾರ್ಚ್ 5ರಂದು ಅದೇ ಎಲ್.ಬಿ. ಸ್ಟೇಡಿಯಂ ಅಂಕಣದಲ್ಲಿ ಸಾನಿಯಾ ವಿದಾಯದ ಪ್ರದರ್ಶನ ಪಂದ್ಯ ಆಡಿದರು. ಜೊತೆಗೆ ಕೊಡಗಿನ ರೋಹನ್ ಬೋಪಣ್ಣ ಇದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ತಮ್ಮ ಮೊದಲ ಮಿಶ್ರ ಡಬಲ್ಸ್ ಜೋಡಿ ಇವರೇ ಎಂದು ಸಾನಿಯಾ ನೆನೆದುಕೊಂಡದ್ದು ಅದೇ ಜನವರಿಯಲ್ಲಿ, ಇಬ್ಬರೂ ಆಸ್ಟ್ರೇಲಿಯಾದ ಫೈನಲ್‌ನಲ್ಲಿ ಸೋತ ದಿನ. (ಆ ಬೋಪಣ್ಣ ಮುಂದಿನ ವರ್ಷ 43ನೇ ವಯಸ್ಸಿನಲ್ಲಿ ಅಲ್ಲೇ ಪುರುಷರ ಡಬಲ್ಸ್ ಗೆದ್ದಾಗ ತಮ್ಮ ಕನ್ನಡದ ಶಾಖೆಯವರಿಗೆ ಅದೂ ಮೊದಲೇ ಗೊತ್ತಿತ್ತು.) ವಿದಾಯಕ್ಕೆ ತಾವು ಹೋಗಲಿಲ್ಲ. ಟಿಕೆಟ್ ಸಿಗಲಿಲ್ಲವೆಂದಲ್ಲ, 'ಮುಗಿದ ಆಟ ಏನು ನೋಡೋದು' ಎಂದಿರಿ. ತಮಗೆ ಆಟ ಶುರುವಾಗುವ ಮೊದಲೇ ಮುಗಿದಿರುತ್ತದೆ, ಅದು ಬೇರೆ ಮಾತು.

ಇನ್ನು ನನ್ನ ಕೋರಿಕೆ. ಮುಂದಿನ ಗ್ರ್ಯಾನ್‌ಸ್ಲಾಮ್ ಫೈನಲ್ ಶನಿವಾರ ಬರುತ್ತದೆ. ಪಂದ್ಯ ಶುರುವಾಗುವ ಮೊದಲು ಗೆಲ್ಲುವವಳ ಹೆಸರನ್ನು ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಸಹಿ ಮಾಡಿ, ಲಕೋಟೆಗೆ ಅಂಟು ಹಚ್ಚಿ ನನ್ನ ಕೈಗೆ ಕೊಡಬೇಕು. ಪಂದ್ಯ ಮುಗಿದ ಮೇಲೆ ನಾಲ್ಕು ಜನರ ಮುಂದೆ ಒಡೆಯೋಣ. ತಪ್ಪಾದರೆ ಯಾರೂ ನಗುವುದಿಲ್ಲ. ಸರಿಯಾದರೆ ತಮ್ಮ ಫೋಟೊವನ್ನು ನಾನೇ ಸ್ವಂತ ಖರ್ಚಿನಲ್ಲಿ ಬ್ಯಾನರ್ ಮಾಡಿಸಿ ಮೆಟ್ರೊ ಕಂಬಕ್ಕೆ ಕಟ್ಟಿಸುತ್ತೇನೆ, ಕೆಳಗೆ 'ಒಂದನೇ ರ‍್ಯಾಂಕ್' ಎಂದು ಬರೆಸಿ.

ಇಂತಿ ತಮ್ಮ ವಿಧೇಯ,
ಟಿವಿಯಲ್ಲಿ ನೋಡಿದವನು

ತಾ.ಕ.: ಬಂಡಾರೆಂಕೊ ಆ ದಿನ ಎರಡನೇ ಸೆಟ್ಟನ್ನು 7-5ಕ್ಕೆ ಹೇಗೆ ಕಿತ್ತುಕೊಂಡಳು ಎಂಬುದನ್ನು ಅಲ್ಲಿದ್ದವರಾಗಿ ಎರಡು ಸಾಲು ಬರೆದು ತಿಳಿಸಿದರೆ ಉಪಕಾರ. ಗೂಗಲ್ ನೋಡಬಾರದು. ಭಾವಮೈದುನರನ್ನು ಕೇಳಬಹುದು.